ಅಕ್ಕಿಯ ಬಿಳುಪಿಗೆ ತೆತ್ತ ಬೆಲೆ



‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯನ್ನು ನೀವೆಲ್ಲರೂ ಬಲ್ಲಿರಿ. ಪರೀಕ್ಷೆಯಲ್ಲಿ ಇದರ ವಿಸ್ತರಣೆಯನ್ನೂ ಬರೆದಿರುತ್ತೀರಿ. ಮಿತವಾಗಿ ಉಣ್ಣಬೇಕು, ನಾಲಗೆಯ ಚಪಲಕ್ಕೆ ಸೋಲಬಾರದು, ದುಂದುಗಾರಿಕೆ ಕೂಡದು ಎಂದು ಎಂಟು ಹತ್ತು ಸಾಲು ಬರೆದರೆ ಅಂಕಗಳೇನೋ ದೊರೆಯುತ್ತವೆ. ಆದರೆ ಇತಿಹಾಸ ನಮ್ಮ ಮುಂದೆ ಇದಕ್ಕಿಂತ ಕಠಿಣವಾದ ಪ್ರಶ್ನೆಯನ್ನು ಇಡುತ್ತದೆ. ಊಟ ಬಲ್ಲವನು ಎಂದರೆ ಯಾರು? ಹೊಟ್ಟೆ ತುಂಬ ಬೆಳ್ಳಗಿನ ಅನ್ನ ಉಂಡು ಸತ್ತವರು ಲಕ್ಷಾಂತರ ಮಂದಿ ಇದ್ದಾರೆ. ಅದೇ ಕಾಲದಲ್ಲಿ, ಅದೇ ಊರಿನಲ್ಲಿ, ಅಗ್ಗದ ಒರಟು ಅಕ್ಕಿಯ ಗಂಜಿ ಕುಡಿದು ಗಟ್ಟಿಮುಟ್ಟಾಗಿ ಉಳಿದವರೂ ಇದ್ದಾರೆ. ಇದು ಹೇಗೆ ಸಾಧ್ಯವಾಯಿತು ಎಂಬುದನ್ನು ಕಂಡುಹಿಡಿಯಲು ವಿಜ್ಞಾನಕ್ಕೆ ಸುಮಾರು ಐವತ್ತು ವರ್ಷ ಬೇಕಾಯಿತು. ಪರದೆಯ ಮೇಲಿನ ಚರ್ಚೆಯಲ್ಲಿ ಇಂಥ ದೀರ್ಘ ಕಥೆಯನ್ನು ಹೇಳುವಷ್ಟು ಸಮಯ ಸಿಗುವುದಿಲ್ಲ. ಆದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಈ ಕಥೆಯ ಕೇಂದ್ರದಲ್ಲಿರುವುದು ಬೆರಿಬೆರಿ ಎಂಬ ರೋಗ. ಮೊದಲು ಕಾಲುಗಳು ಜೋಮು ಹಿಡಿದಂತಾಗುತ್ತವೆ. ನಡಿಗೆ ತಡವರಿಸುತ್ತದೆ, ಕೈಕಾಲುಗಳಲ್ಲಿ ಶಕ್ತಿ ಕುಂದುತ್ತದೆ. ಕೆಲವರಲ್ಲಿ ಮೈ ಒಣಗುತ್ತದೆ, ಇನ್ನು ಕೆಲವರಲ್ಲಿ ಕಾಲುಗಳು ಬಾತು ನೀರು ತುಂಬಿಕೊಳ್ಳುತ್ತದೆ. ಕೊನೆಗೆ ಹೃದಯ ಸೋಲುತ್ತದೆ. ರೋಗಿ ಹಸಿವಿನಿಂದ ಬಳಲಿದವನಾಗಿರಬೇಕೆಂದೇನೂ ಇಲ್ಲ. ದಿನಕ್ಕೆ ಮೂರು ಹೊತ್ತು ಅನ್ನ ಉಂಡವನಿಗೂ ಇದು ಬರುತ್ತಿತ್ತು. ವೈದ್ಯರನ್ನು ಬಹುಕಾಲ ಕಂಗೆಡಿಸಿದ್ದು ಇದೇ.

ಒನಕೆಯಿಂದ ಗಿರಣಿಗೆ

ಭತ್ತದ ಕಾಳಿನ ರಚನೆಯನ್ನು ಒಮ್ಮೆ ನೆನಪಿಸಿಕೊಳ್ಳಿ. ಹೊರಗೆ ಒರಟಾದ ಹೊಟ್ಟು. ಅದರ ಒಳಗೆ ಕಂದು ಬಣ್ಣದ ತೆಳುವಾದ ಪದರ. ಒಂದು ತುದಿಯಲ್ಲಿ, ಮುಂದೆ ಮೊಳಕೆಯಾಗಬೇಕಾದ ಪುಟ್ಟ ಅಂಕುರ. ಇವೆಲ್ಲದರ ಒಳಗೆ ಬಿಳಿಯ ಪಿಷ್ಟದ ರಾಶಿ. ಒರಳಿನಲ್ಲಿ ಒನಕೆಯಿಂದ ಕುಟ್ಟಿ ಮೊರದಲ್ಲಿ ಕೇರಿದಾಗ ಹೊಟ್ಟು ಹಾರಿಹೋಗುತ್ತದೆ. ಕಂದು ಪದರದ ಸ್ವಲ್ಪ ಭಾಗ ಮಾತ್ರ ಉದುರಿ, ಉಳಿದದ್ದು ಅಕ್ಕಿಗೆ ಅಂಟಿಕೊಂಡೇ ಇರುತ್ತದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಏಷ್ಯಾದ ಅಕ್ಕಿ ನಾಡುಗಳಿಗೆ ಉಗಿಯಂತ್ರದ ಗಿರಣಿಗಳು ಬಂದವು. ಇವು ಕಂದು ಪದರವನ್ನೂ ಅಂಕುರವನ್ನೂ ಪೂರ್ತಿಯಾಗಿ ಉಜ್ಜಿ ತೆಗೆದು, ಮಲ್ಲಿಗೆಯಂಥ ಬಿಳಿ ಅಕ್ಕಿಯನ್ನು ಹೊರಹಾಕಿದವು. ಉಜ್ಜಿ ತೆಗೆದ ಪುಡಿಯೇ ತೌಡು. ಅದು ದನಕರುಗಳ, ಕೋಳಿಗಳ ಪಾಲಾಯಿತು.

ಜನ ಬಿಳಿ ಅಕ್ಕಿಯನ್ನು ಮೆಚ್ಚಿದ್ದಕ್ಕೆ ಕಾರಣಗಳಿದ್ದವು. ತೌಡಿನಲ್ಲಿ ಎಣ್ಣೆಯ ಅಂಶವಿದೆ. ಆದ್ದರಿಂದ ತೌಡಿರುವ ಅಕ್ಕಿ ಬೇಗ ಮುಗ್ಗಲು ಹಿಡಿಯುತ್ತದೆ. ಪಾಲಿಶ್ ಮಾಡಿದ ಅಕ್ಕಿ ಹಡಗಿನಲ್ಲಿ, ಗೋದಾಮಿನಲ್ಲಿ ತಿಂಗಳುಗಟ್ಟಲೆ ಕೆಡದೆ ಉಳಿಯುತ್ತದೆ. ಬೇಗ ಬೇಯುತ್ತದೆ, ಮೃದುವಾಗಿರುತ್ತದೆ. ಮನೆಯ ಹೆಂಗಸರಿಗೆ ಒನಕೆ ಹಿಡಿಯುವ ದುಡಿಮೆಯೂ ತಪ್ಪಿತು. ಆ ದುಡಿಮೆ ಎಷ್ಟು ಕಠಿಣವಾದದ್ದೆಂದು ನಿಮ್ಮ ಅಜ್ಜಿ, ಮುತ್ತಜ್ಜಿಯರನ್ನು ಕೇಳಿದರೆ ತಿಳಿಯುತ್ತದೆ. ಇವೆಲ್ಲಕ್ಕಿಂತ ಮಿಗಿಲಾಗಿ, ಬಿಳಿ ಅನ್ನ ಅಂತಸ್ತಿನ ಗುರುತಾಗಿತ್ತು. ಜಪಾನಿನಲ್ಲಿ ಗಿರಣಿಗಳಿಗಿಂತ ಮುಂಚೆಯೇ ರಾಜಧಾನಿ ಎಡೊ ನಗರದ ಸಿರಿವಂತರು ಅಕ್ಕಿಯನ್ನು ಬಿಳುಪಾಗುವವರೆಗೆ ಕುಟ್ಟಿಸಿ ಉಣ್ಣುತ್ತಿದ್ದರು. ಹಳ್ಳಿಯಿಂದ ಅಲ್ಲಿಗೆ ಹೋದವರು ಕಾಲು ಸೋತು ಕಾಯಿಲೆ ಬೀಳುತ್ತಿದ್ದರು. ಊರಿಗೆ ಮರಳಿ ಒರಟು ಧಾನ್ಯ ಉಂಡರೆ ಚೇತರಿಸಿಕೊಳ್ಳುತ್ತಿದ್ದರು. ಜನ ಅದನ್ನು ‘ಎಡೊ ಕಾಯಿಲೆ’ ಎಂದು ಕರೆದರೇ ಹೊರತು ಅನ್ನದ ಮೇಲೆ ಅನುಮಾನಪಡಲಿಲ್ಲ.

ಎರಡು ಹಡಗುಗಳು

ಮೊದಲು ಅನ್ನದ ಕಡೆಗೆ ಬೆರಳು ತೋರಿಸಿದವರಲ್ಲಿ ಜಪಾನಿನ ನೌಕಾಪಡೆಯ ವೈದ್ಯ ತಕಾಕಿ ಕನೆಹಿರೊ ಪ್ರಮುಖ. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ 1875ರಿಂದ 1880ರವರೆಗೆ ವ್ಯಾಸಂಗ ಮಾಡಿ ಬಂದ ಈತ, ಬ್ರಿಟಿಷ್ ನಾವಿಕರಲ್ಲಿ ಕಾಣದ ರೋಗ ತನ್ನ ನಾವಿಕರಲ್ಲಿ ಮಾತ್ರ ಏಕೆ ಎಂದು ಯೋಚಿಸಿದ. 1882ರ ಕೊನೆಗೆ ‘ರ್ಯೂಜೊ’ ಎಂಬ ತರಬೇತಿ ಹಡಗು ನ್ಯೂಜಿಲೆಂಡ್, ದಕ್ಷಿಣ ಅಮೆರಿಕ, ಹವಾಯಿಗಳ ಯಾನಕ್ಕೆ ಹೊರಟಿತು. ಅದರಲ್ಲಿದ್ದ 376 ಮಂದಿಯಲ್ಲಿ 169 ಮಂದಿಗೆ ಬೆರಿಬೆರಿ ತಗುಲಿತು, 25 ಮಂದಿ ಸತ್ತರು. 1884ರಲ್ಲಿ ಅದೇ ದಾರಿಯಲ್ಲಿ ‘ತ್ಸುಕುಬಾ’ ಎಂಬ ಇನ್ನೊಂದು ಹಡಗನ್ನು ಕಳುಹಿಸಲು ತಕಾಕಿ ಒಪ್ಪಿಗೆ ಪಡೆದ. ಈ ಬಾರಿ ಅನ್ನವನ್ನು ಕಡಿಮೆ ಮಾಡಿ ಮಾಂಸ, ಮೀನು, ತರಕಾರಿ, ಇತರ ಧಾನ್ಯಗಳನ್ನು ಕೊಡಲಾಯಿತು. ರೋಗ ತಗುಲಿದವರ ಸಂಖ್ಯೆ ಇಪ್ಪತ್ತನ್ನೂ ಮುಟ್ಟಲಿಲ್ಲ. ಒಬ್ಬನೂ ಸಾಯಲಿಲ್ಲ. ಮುಂದೆ ನೌಕಾಪಡೆ ಅನ್ನಕ್ಕೆ ಬಾರ್ಲಿಯನ್ನು ಬೆರೆಸತೊಡಗಿತು. ಬಾರ್ಲಿ ಅಲ್ಲಿ ಬಡವರ ಧಾನ್ಯ.

ವಿಜ್ಞಾನ ವಿದ್ಯಾರ್ಥಿಗಳು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ತಕಾಕಿ ಕೊಟ್ಟ ಕಾರಣ ತಪ್ಪಾಗಿತ್ತು. ಆಹಾರದಲ್ಲಿ ಪ್ರೋಟೀನ್ ಕಡಿಮೆಯಾದದ್ದರಿಂದ ರೋಗ ಬರುತ್ತದೆ ಎಂದು ಆತ ನಂಬಿದ್ದ. ಕಾರಣ ತಪ್ಪಾದರೂ ಪರಿಹಾರ ಸರಿಯಾಗಿತ್ತು. ಆದರೆ ಜಪಾನಿನ ಭೂಸೇನೆಯ ವೈದ್ಯರು, ರೋಗಕ್ಕೆ ಯಾವುದೋ ಸೂಕ್ಷ್ಮಜೀವಿಯೇ ಕಾರಣವಿರಬೇಕೆಂದು ವಾದಿಸಿ ಬಿಳಿ ಅನ್ನವನ್ನೇ ಮುಂದುವರಿಸಿದರು. ಹಳ್ಳಿಯ ಬಡ ಹುಡುಗರಿಗೆ ಸೈನ್ಯದ ದೊಡ್ಡ ಆಕರ್ಷಣೆಯೂ ಆ ಅನ್ನವೇ ಆಗಿತ್ತು. ಪರಿಣಾಮವಾಗಿ 1904-05ರ ರಷ್ಯಾ-ಜಪಾನ್ ಯುದ್ಧದಲ್ಲಿ ಸುಮಾರು 27,000 ಸೈನಿಕರು ಶತ್ರುವಿನ ಗುಂಡಿಗಲ್ಲ, ಬೆರಿಬೆರಿಗೆ ಬಲಿಯಾದರು. ನೌಕಾಪಡೆಯಲ್ಲಿ ಇಪ್ಪತ್ತು ವರ್ಷಗಳ ಹಿಂದೆಯೇ ಉತ್ತರ ಸಿಕ್ಕಿದ್ದ ಪ್ರಶ್ನೆಗೆ ಇಷ್ಟು ಪ್ರಾಣಗಳು ಹೋದವು.

ಕೋಳಿಗಳು ಕೊಟ್ಟ ಸುಳಿವು

ಇದೇ ಅವಧಿಯಲ್ಲಿ ಡಚ್ಚರ ಆಳ್ವಿಕೆಯಲ್ಲಿದ್ದ ಜಾವಾ ದ್ವೀಪದಲ್ಲೂ ಸೈನಿಕರು, ಕೈದಿಗಳು ಬೆರಿಬೆರಿಯಿಂದ ಸಾಯುತ್ತಿದ್ದರು. ರೋಗಾಣುವನ್ನು ಪತ್ತೆ ಮಾಡಲೆಂದು ಕ್ರಿಶ್ಚಿಯನ್ ಐಕ್ಮನ್ ಎಂಬ ತರುಣ ವೈದ್ಯ ಬಟೇವಿಯಾದ, ಅಂದರೆ ಇಂದಿನ ಜಕಾರ್ತಾದ, ಸೇನಾ ಆಸ್ಪತ್ರೆಯ ಆವರಣದಲ್ಲಿ ಪ್ರಯೋಗ ನಡೆಸುತ್ತಿದ್ದ. 1889ರಲ್ಲಿ ಪ್ರಯೋಗಶಾಲೆಯ ಕೋಳಿಗಳಿಗೆ ವಿಚಿತ್ರ ಕಾಯಿಲೆ ಬಂತು. ಕಾಲುಗಳ ಶಕ್ತಿ ಹೋಗಿ ನೆಲಕ್ಕೆ ಬೀಳುತ್ತಿದ್ದವು. ನೋಡಿದರೆ ಮನುಷ್ಯರ ಬೆರಿಬೆರಿಯಂತೆಯೇ ಇತ್ತು. ಕೆಲವು ತಿಂಗಳ ನಂತರ ಇದ್ದಕ್ಕಿದ್ದಂತೆ ಕೋಳಿಗಳು ಗುಣವಾದವು.

ವಿಚಾರಿಸಿದಾಗ ತಿಳಿದದ್ದು ಇಷ್ಟು. ಕೋಳಿ ನೋಡಿಕೊಳ್ಳುತ್ತಿದ್ದವನು ಖರ್ಚು ಉಳಿಸಲು ಆಸ್ಪತ್ರೆಯ ಅಡುಗೆಮನೆಯಲ್ಲಿ ಉಳಿದ ಬಿಳಿ ಅನ್ನವನ್ನು ತಂದು ಹಾಕುತ್ತಿದ್ದ. ಅಡುಗೆಯವನು ಬದಲಾದ. ಹೊಸಬನು, ಸೈನ್ಯದ ಅಕ್ಕಿಯನ್ನು ಸೈನ್ಯಕ್ಕೆ ಸೇರದ ಕೋಳಿಗಳಿಗೆ ಕೊಡಲಾಗದು ಎಂದು ತಗಾದೆ ತೆಗೆದ. ಕೋಳಿಗಳು ಮತ್ತೆ ತಮ್ಮ ಹಳೆಯ ಅಗ್ಗದ ಅಕ್ಕಿಗೆ, ಪಾಲಿಶ್ ಆಗದ ಅಕ್ಕಿಗೆ, ಮರಳಿದವು ಮತ್ತು ಗುಣವಾದವು. ಐಕ್ಮನ್ ಇದನ್ನು ಮತ್ತೆ ಮತ್ತೆ ಪರೀಕ್ಷಿಸಿದ. ಬಿಳಿ ಅಕ್ಕಿ ಹಾಕಿದರೆ ಕಾಯಿಲೆ, ತೌಡು ಸೇರಿಸಿದರೆ ಗುಣ.

ಕೋಳಿಗೆ ಸರಿ, ಮನುಷ್ಯರಿಗೆ? ಜಾವಾದ ಸೆರೆಮನೆಗಳ ತಪಾಸಣೆಯ ಹೊಣೆ ಹೊತ್ತಿದ್ದ ಅಡಾಲ್ಫ್ ವೊರ್ಡರ್‌ಮನ್ ಎಂಬ ವೈದ್ಯ 101 ಸೆರೆಮನೆಗಳ ದಾಖಲೆಗಳನ್ನು ತರಿಸಿ ನೋಡಿದ. ಸುಮಾರು 2 ಲಕ್ಷ 80 ಸಾವಿರ ಕೈದಿಗಳ ವಿವರ ಅದರಲ್ಲಿತ್ತು. ಬಿಳಿ ಅಕ್ಕಿ ಕೊಡುತ್ತಿದ್ದ ಸೆರೆಮನೆಗಳಲ್ಲಿ ಸುಮಾರು 40 ಮಂದಿಗೆ ಒಬ್ಬನಂತೆ ಬೆರಿಬೆರಿ ಇತ್ತು. ತೌಡು ಉಳಿದ ಅಕ್ಕಿ ಕೊಡುತ್ತಿದ್ದ ಕಡೆ 10,000 ಮಂದಿಗೆ ಒಬ್ಬ. ಇಷ್ಟಾದರೂ ಐಕ್ಮನ್, ಬಿಳಿ ಅಕ್ಕಿಯಲ್ಲಿ ಏನೋ ವಿಷವಿದೆ, ತೌಡು ಅದಕ್ಕೆ ಮದ್ದು ಎಂದೇ ತಿಳಿದಿದ್ದ. 1901ರಲ್ಲಿ ಅವನ ನಂತರ ಬಂದ ಗೆರಿಟ್ ಗ್ರೈನ್ಸ್ ಸರಿಯಾದ ಮಾತು ಹೇಳಿದ. ಅಕ್ಕಿಯಲ್ಲಿ ವಿಷವೇನೂ ಇಲ್ಲ, ಬೇಕಾದದ್ದೊಂದು ಇಲ್ಲವಾಗಿದೆ, ಅಷ್ಟೇ.

ಇದು ಸಣ್ಣ ಮಾತಲ್ಲ. ಅಲ್ಲಿಯವರೆಗೆ ರೋಗವೆಂದರೆ ಹೊರಗಿನಿಂದ ಒಳಕ್ಕೆ ಬಂದ ಕೇಡು ಎಂಬ ಕಲ್ಪನೆ ಬಲವಾಗಿತ್ತು. ಒಂದು ವಸ್ತು ಇಲ್ಲದಿರುವುದೇ ರೋಗಕ್ಕೆ ಕಾರಣವಾಗಬಲ್ಲದು ಎಂಬುದನ್ನು ಒಪ್ಪಲು ಪಂಡಿತರಿಗೆ ಕಷ್ಟವಾಯಿತು.

ಕೂಲಿಗಳ ಅಕ್ಕಿ

ಈಗ ನಮಗೆ ಹತ್ತಿರವಾದ ಒಂದು ಅಧ್ಯಾಯ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಲಯಾ ದೇಶದ ತವರದ ಗಣಿಗಳಲ್ಲಿ ಚೀನೀಯರು, ತೋಟಗಳಲ್ಲಿ ದಕ್ಷಿಣ ಭಾರತದಿಂದ ಹೋದ ಕೂಲಿಗಳು ದುಡಿಯುತ್ತಿದ್ದರು. ಕೂಲಿಗಳಲ್ಲಿ ಹೆಚ್ಚಿನವರು ತಮಿಳರು. ಇಬ್ಬರದೂ ಅಕ್ಕಿಯ ಊಟವೇ. ಆದರೆ ಚೀನೀಯರು ಬೆರಿಬೆರಿಯಿಂದ ಸಾವಿರಾರು ಸಂಖ್ಯೆಯಲ್ಲಿ ಸಾಯುತ್ತಿದ್ದರು, ತಮಿಳರಲ್ಲಿ ರೋಗ ಅಪರೂಪವಾಗಿತ್ತು. ಬ್ರ್ಯಾಡನ್ ಎಂಬ ಬ್ರಿಟಿಷ್ ವೈದ್ಯ ಇದಕ್ಕೆ ಕಾರಣ ಹುಡುಕಿದಾಗ, ಚೀನೀಯರು ಸಯಾಮಿನಿಂದ ಬಂದ ಬಿಳಿ ಅಕ್ಕಿಯನ್ನು, ತಮಿಳರು ಭಾರತದ ಪದ್ಧತಿಯ ಬೇಯಿಸಿದ ಭತ್ತದ ಅಕ್ಕಿಯನ್ನು ಉಣ್ಣುತ್ತಿದ್ದುದು ಕಂಡುಬಂತು. ಅದೇ ಕುಸುಬಲಕ್ಕಿ. ದಕ್ಷಿಣ ಕನ್ನಡ, ಉಡುಪಿ ಕಡೆಯ ಓದುಗರಿಗೆ ಕುಚ್ಚಲಕ್ಕಿ ಎಂದರೆ ಚೆನ್ನಾಗಿ ಗೊತ್ತು.

1905-06ರಲ್ಲಿ ಕೌಲಾಲಂಪುರದ ಮಾನಸಿಕ ಚಿಕಿತ್ಸಾಲಯದಲ್ಲಿ ವಿಲಿಯಂ ಫ್ಲೆಚರ್ ಎಂಬ ವೈದ್ಯ ಇದನ್ನು ಪರೀಕ್ಷೆಗೊಡ್ಡಿದ. ರೋಗಿಗಳನ್ನು ಎರಡು ಗುಂಪು ಮಾಡಿ ಒಂದು ಗುಂಪಿಗೆ ಸಯಾಮಿನ ಬಿಳಿ ಅಕ್ಕಿ, ಇನ್ನೊಂದಕ್ಕೆ ಕುಸುಬಲಕ್ಕಿ ಕೊಟ್ಟ. ಕಟ್ಟಡದ ದೋಷವಿರಬಹುದೆಂಬ ಅನುಮಾನ ಉಳಿಯಬಾರದೆಂದು ಮಧ್ಯದಲ್ಲಿ ಎರಡು ಗುಂಪುಗಳ ವಾಸಸ್ಥಾನವನ್ನು ಅದಲುಬದಲು ಮಾಡಿದ. ಬಿಳಿ ಅಕ್ಕಿ ಉಂಡವರಲ್ಲಿ ನಾಲ್ವರಿಗೊಬ್ಬರಿಗಿಂತ ಹೆಚ್ಚು ಮಂದಿ ರೋಗಕ್ಕೆ ತುತ್ತಾದರು, 18 ಮಂದಿ ಸತ್ತರು. ಕುಸುಬಲಕ್ಕಿ ಉಂಡವರಲ್ಲಿ ಹೊಸದಾಗಿ ಯಾರಿಗೂ ರೋಗ ಬರಲಿಲ್ಲ. ಪ್ರಯೋಗ ಅಚ್ಚುಕಟ್ಟಾಗಿತ್ತು ನಿಜ. ಆದರೆ ಒಪ್ಪಿಗೆ ಕೊಡುವ ಸ್ಥಿತಿಯಲ್ಲಿಯೇ ಇರದಿದ್ದ ಆ ಹದಿನೆಂಟು ಜೀವಗಳನ್ನು ಮರೆತು ಅದನ್ನು ಹೊಗಳುವುದು ಸಾಧ್ಯವಿಲ್ಲ. ಇಂದು ಅಂಥ ಪ್ರಯೋಗಕ್ಕೆ ಯಾವ ನೀತಿ ಸಮಿತಿಯೂ ಅನುಮತಿ ಕೊಡುವುದಿಲ್ಲ.

ಕುಸುಬಲಕ್ಕಿಯ ಗುಟ್ಟೇನು? ಭತ್ತವನ್ನು ನೆನೆಸಿ, ಹೊಟ್ಟಿನ ಸಮೇತ ಬೇಯಿಸಿ ಅಥವಾ ಹಬೆಗೆ ಒಡ್ಡಿ, ಒಣಗಿಸಿ, ಆಮೇಲೆ ಕುಟ್ಟುತ್ತಾರೆ. ನೆನೆಯುವಾಗ, ಬೇಯುವಾಗ ಕಂದು ಪದರದಲ್ಲೂ ಅಂಕುರದಲ್ಲೂ ಇರುವ, ನೀರಿನಲ್ಲಿ ಕರಗುವ ಸತ್ವಗಳು ಕಾಳಿನ ಒಳಭಾಗಕ್ಕೆ ಇಳಿಯುತ್ತವೆ. ಮೇಲಿನ ಪದರವನ್ನು ಗಿರಣಿ ಉಜ್ಜಿದರೂ ಅವುಗಳಲ್ಲಿ ಒಳ್ಳೆಯ ಪಾಲು ಒಳಗೇ ಉಳಿಯುತ್ತದೆ. ಈ ಪದ್ಧತಿಯನ್ನು ರೂಢಿಗೆ ತಂದ ನಮ್ಮ ಪೂರ್ವಿಕರಿಗೆ ಜೀವಸತ್ವದ ವಿಷಯ ತಿಳಿದಿರಲಿಲ್ಲ. ಬೇಯಿಸಿದ ಭತ್ತದ ಹೊಟ್ಟು ಸುಲಭವಾಗಿ ಬಿಡುತ್ತದೆ, ಕುಟ್ಟುವಾಗ ನುಚ್ಚು ಕಡಿಮೆಯಾಗುತ್ತದೆ, ಅಕ್ಕಿಗೆ ಹುಳು ಹಿಡಿಯುವುದೂ ಕಡಿಮೆ. ಒಂದು ಕಾಳೂ ವ್ಯರ್ಥವಾಗಬಾರದೆಂಬ ಲೆಕ್ಕಾಚಾರ ಆರೋಗ್ಯವನ್ನೂ ಉಳಿಸಿತು.

ನೆಲ್ಲೂರಿನಲ್ಲಿ ಹುಟ್ಟಿದ ರಸಾಯನವಿಜ್ಞಾನಿ

1912ರಲ್ಲಿ ಕ್ಯಾಸಿಮಿರ್ ಫಂಕ್ ಎಂಬಾತ ಇಂಥ ಸತ್ವಗಳಿಗೆ ‘ವೈಟಮಿನ್’ ಎಂಬ ಹೆಸರಿಟ್ಟ. 1926ರಲ್ಲಿ ಜಾವಾದಲ್ಲಿ ಯಾನ್ಸೆನ್ ಮತ್ತು ಡೊನಾಥ್ ನೂರಾರು ಕಿಲೋ ತೌಡನ್ನು ಸಂಸ್ಕರಿಸಿ ಚಿಟಿಕೆಯಷ್ಟು ಹರಳುಗಳನ್ನು ಪಡೆದರು. ಇದೇ ಬಿ-1 ಜೀವಸತ್ವ, ಇನ್ನೊಂದು ಹೆಸರು ಥಯಮಿನ್. 1929ರಲ್ಲಿ ಐಕ್ಮನ್‌ಗೆ ನೊಬೆಲ್ ಪ್ರಶಸ್ತಿಯ ಪಾಲು ದೊರೆಯಿತು. 1936ರಲ್ಲಿ ಥಯಮಿನ್‌ನ ರಚನೆಯನ್ನು ಬಿಡಿಸಿ ಅದನ್ನು ಪ್ರಯೋಗಶಾಲೆಯಲ್ಲಿಯೇ ತಯಾರಿಸಿ ತೋರಿಸಿದವರು ಅಮೆರಿಕದ ರಾಬರ್ಟ್ ವಿಲಿಯಮ್ಸ್. ಇವರು ಹುಟ್ಟಿದ್ದು 1886ರಲ್ಲಿ, ನಮ್ಮ ನೆರೆಯ ನೆಲ್ಲೂರಿನಲ್ಲಿ, ಮಿಷನರಿ ದಂಪತಿಯ ಮಗನಾಗಿ. ತಮ್ಮ ಸಂಶೋಧನೆಯ ಪೇಟೆಂಟಿನಿಂದ ಬಂದ ಹಣವನ್ನು ಅವರು ಅಪೌಷ್ಟಿಕತೆಯ ವಿರುದ್ಧ ಹೋರಾಡುವ ನಿಧಿಯೊಂದಕ್ಕೆ ಬಿಟ್ಟುಕೊಟ್ಟರು.

ಥಯಮಿನ್ ನಮ್ಮ ದೇಹಕ್ಕೆ ಬೇಕಾದದ್ದು ದಿನಕ್ಕೆ ಒಂದರಿಂದ ಎರಡು ಮಿಲಿಗ್ರಾಂ ಮಾತ್ರ. ಪಿಷ್ಟದಿಂದ, ಸಕ್ಕರೆಯಿಂದ ಶಕ್ತಿ ಪಡೆಯುವ ರಾಸಾಯನಿಕ ಕ್ರಿಯೆಗೆ ಇದು ಅತ್ಯಗತ್ಯ. ಹೆಚ್ಚು ಅನ್ನ ಉಂಡಷ್ಟೂ ಅದನ್ನು ಬಳಸಿಕೊಳ್ಳಲು ಹೆಚ್ಚು ಥಯಮಿನ್ ಬೇಕು. ಬಿಡುವಿಲ್ಲದೆ ಶಕ್ತಿಯನ್ನು ಬೇಡುವ ನರಗಳು ಮತ್ತು ಹೃದಯ ಮೊದಲು ಸೋಲುತ್ತವೆ. ದೇಹದಲ್ಲಿ ಇದರ ದಾಸ್ತಾನು ಎರಡು ಮೂರು ವಾರಗಳಿಗಷ್ಟೇ ಸಾಕಾಗುತ್ತದೆ. ಹೊಟ್ಟೆ ತುಂಬ ಬಿಳಿ ಅನ್ನ ಉಂಡವನೇ ಏಕೆ ಕಾಯಿಲೆ ಬಿದ್ದ ಎಂಬ ಒಗಟು ಹೀಗೆ ಬಿಡಿಸಿತು.

ನಮ್ಮ ನೆಲದಲ್ಲೇ ಈ ವಿಷಯದ ದೊಡ್ಡ ಅಧ್ಯಯನ ನಡೆದದ್ದು ನೀಲಗಿರಿಯ ಕೂನೂರಿನಲ್ಲಿ. 1918ರಲ್ಲಿ ಅಲ್ಲಿ ರಾಬರ್ಟ್ ಮೆಕ್ಯಾರಿಸನ್ ಒಂದು ಚಿಕ್ಕ ಕೋಣೆಯಲ್ಲಿ ಬೆರಿಬೆರಿಯ ವಿಚಾರಣೆ ಆರಂಭಿಸಿದರು. ಅದೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು, ಈಗ ರಾಷ್ಟ್ರೀಯ ಪೋಷಣ ಸಂಸ್ಥೆ ಎನಿಸಿದೆ. ಭಾರತದ ಬೇರೆ ಬೇರೆ ಪ್ರಾಂತಗಳ ಊಟವನ್ನು ಮೆಕ್ಯಾರಿಸನ್ ಇಲಿಗಳಿಗೆ ಉಣಿಸಿ ಬೆಳವಣಿಗೆಯನ್ನು ಅಳೆದರು. ಇಡಿ ಗೋಧಿಯ ರೊಟ್ಟಿ, ಬೇಳೆ, ಹಾಲು, ತರಕಾರಿಗಳಿದ್ದ ಪಂಜಾಬಿನ ಸಿಖ್ಖರ ಊಟ ಮೊದಲ ಸ್ಥಾನದಲ್ಲಿತ್ತು. ಬಿಳಿ ಅಕ್ಕಿಯನ್ನೇ ನೆಚ್ಚಿದ ಊಟ ಹಿಂದೆ ಬಿತ್ತು. ಅವರ ನಂತರ ಬಂದ ಏಕ್ರಾಯ್ಡ್, ಕರಾವಳಿ ಆಂಧ್ರದ ಬೆರಿಬೆರಿಯನ್ನೂ ಕುಸುಬಲಕ್ಕಿಯ ಗುಣವನ್ನೂ ಅಭ್ಯಾಸ ಮಾಡಿದರು. 1937ರಲ್ಲಿ ಅವರು ಹೊರತಂದ ಭಾರತೀಯ ಆಹಾರಗಳ ಪೋಷಕಾಂಶ ಪಟ್ಟಿಯ ಪರಂಪರೆಯೇ ಇಂದಿನ ಪಟ್ಟಿಗಳವರೆಗೆ ಮುಂದುವರಿದಿದೆ.

ಮುದ್ದೆ ಮತ್ತು ಬಸ್ಸಾರು

ಹಾಗಾದರೆ ಹಳೆಯ ಮೈಸೂರಿನ ಒಣಭೂಮಿಯ ಜನ ಏನು ಉಣ್ಣುತ್ತಿದ್ದರು? ಶ್ರೀರಂಗಪಟ್ಟಣದ ಪತನದ ನಂತರ 1800-01ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ರಾಗಿಯ ಬೇಸಾಯವನ್ನು ಊರೂರಿನಲ್ಲಿ ವಿವರವಾಗಿ ದಾಖಲಿಸಿದ್ದಾನೆ. ದುಡಿಯುವ ಜನರ ಮುಖ್ಯ ಆಹಾರ ಅದೇ ಆಗಿತ್ತು. ಅನ್ನ ಹಬ್ಬಕ್ಕೆ, ನೆಂಟರು ಬಂದಾಗ. ಬಡವರ ಹಿಟ್ಟು ಎಂದು ರಾಗಿಯನ್ನು ಹೀಗಳೆದವರೂ ಉಂಟು.

ರಾಗಿಯ ಕಾಳು ಬಹಳ ಸಣ್ಣದು, ಅದರ ಸಿಪ್ಪೆ ಒಳಭಾಗಕ್ಕೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಅಕ್ಕಿಯಂತೆ ಅದನ್ನು ಉಜ್ಜಿ ಬೆಳ್ಳಗೆ ಮಾಡುವುದು ಸುಲಭವಲ್ಲ. ಇಡಿಯಾಗಿ ಬೀಸಿ ಹಿಟ್ಟು ಮಾಡಬೇಕು. ಹೀಗಾಗಿ ತೌಡನ್ನು ಎಸೆಯುವ ಅವಕಾಶವೇ ಗಿರಣಿಗೆ ಸಿಗಲಿಲ್ಲ. ನೂರು ಗ್ರಾಂ ಪಾಲಿಶ್ ಅಕ್ಕಿಯಲ್ಲಿ ಥಯಮಿನ್ ಸುಮಾರು 0.05 ಮಿಲಿಗ್ರಾಂ ಇದ್ದರೆ ರಾಗಿಯಲ್ಲಿ 0.35 ಮಿಲಿಗ್ರಾಮಿಗೂ ಹೆಚ್ಚು. ಸುಣ್ಣದ ಅಂಶ ಅಂಥ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಮಿಗೂ ಕಡಿಮೆ, ರಾಗಿಯಲ್ಲಿ ಮುನ್ನೂರಕ್ಕೂ ಹೆಚ್ಚು.

ಮುದ್ದೆಯ ಜೊತೆಗೆ ಬಸ್ಸಾರು. ಸೊಪ್ಪನ್ನೂ ಹುರುಳಿಯನ್ನೋ ಅಲಸಂದೆಯನ್ನೋ ಬೇಯಿಸಿ, ನೀರನ್ನು ಬಸಿದು, ಆ ನೀರಿಗೇ ಖಾರ ಹುಳಿ ಸೇರಿಸಿ ಸಾರು ಮಾಡುತ್ತಾರೆ. ಉಳಿದ ಸೊಪ್ಪು ಕಾಳು ಪಲ್ಯವಾಗುತ್ತದೆ. ಒಂದೇ ಪಾತ್ರೆಯ ಬೇಯಿಸುವಿಕೆಯಲ್ಲಿ, ಒಂದೇ ಸೌದೆಯ ಖರ್ಚಿನಲ್ಲಿ ಎರಡು ಪದಾರ್ಥ. ಥಯಮಿನ್ ನೀರಿನಲ್ಲಿ ಕರಗುತ್ತದೆ ಎಂಬುದನ್ನು ಈಗ ನೆನಪಿಸಿಕೊಳ್ಳಿ. ಬಸಿದ ನೀರನ್ನು ಚೆಲ್ಲಿದ್ದರೆ ಸತ್ವದ ಒಂದು ಪಾಲು ಮೋರಿಗೆ ಹೋಗುತ್ತಿತ್ತು. ಅನ್ನ ಬಸಿದ ಗಂಜಿಗೆ ಉಪ್ಪು ಮಜ್ಜಿಗೆ ಬೆರೆಸಿ ಕುಡಿಯುವ ರೂಢಿಗೂ ಇದೇ ಮಾತು ಅನ್ವಯಿಸುತ್ತದೆ.

ಮಿತವ್ಯಯ ಬೇರೆ, ಬಡತನ ಬೇರೆ

ಇಷ್ಟು ಓದಿ, ಹಿಂದಿನವರ ಊಟವೆಲ್ಲ ಅಮೃತವಾಗಿತ್ತು ಎಂಬ ತೀರ್ಮಾನಕ್ಕೆ ಬರಬೇಡಿ. ಬರಗಾಲ ಬಂದಾಗ ಆ ಮುದ್ದೆಯೂ ಇರಲಿಲ್ಲ. ಬರಿಯ ಮುದ್ದೆ ಉಪ್ಪುಖಾರದಲ್ಲಿ ದಿನ ಕಳೆದವರು ಸೊರಗಿದ್ದಾರೆ, ಮಕ್ಕಳನ್ನು ಕಳೆದುಕೊಂಡಿದ್ದಾರೆ. ಯಾವ ಒಂದು ಧಾನ್ಯವೂ ತಾನೇ ಪೂರ್ಣ ಆಹಾರವಲ್ಲವೆಂಬುದು ಕೂನೂರಿನ ಇಲಿಗಳೂ ಹೇಳಿದ ಮಾತು. ಬೇಕಾದದ್ದು ಸಿಗದಿರುವುದು ಬಡತನ. ಅದನ್ನು ಮಿತವ್ಯಯವೆಂದು ಹೊಗಳುವುದು ಅನ್ಯಾಯ. ಕೈಗೆ ಸಿಕ್ಕಿದ್ದರ ಬೆಲೆ ತಿಳಿದು, ಉಪಯುಕ್ತವಾದದ್ದನ್ನು ಎಸೆಯದಿರುವುದು ಮಿತವ್ಯಯ. ಬೆರಿಬೆರಿ ಸೈನಿಕರನ್ನೂ ಕೈದಿಗಳನ್ನೂ ಕೊಂದದ್ದು ಅವರಿಗೆ ಕಡಿಮೆ ಬಡಿಸಿದ್ದರಿಂದ ಅಲ್ಲ. ಯಾವ ಅಕ್ಕಿ ಉಣ್ಣಬೇಕೆಂಬ ಆಯ್ಕೆ ಅವರದಾಗಿರಲಿಲ್ಲ. ಆಯ್ಕೆ ಮಾಡುವವರು ಬೆಲೆಬಾಳುವುದನ್ನು ತೌಡೆಂದು ಎಸೆದಿದ್ದರು.

ಇದೆಲ್ಲ ಮುಗಿದುಹೋದ ಕಥೆಯೇ? ಅಲ್ಲ. ಇತ್ತೀಚಿನ ವರ್ಷಗಳಲ್ಲಿ ಕರ್ನಾಟಕವೂ ಸೇರಿದಂತೆ ದೇಶದ ಕೆಲವು ಕಡೆಗಳಿಂದ ಮಕ್ಕಳ ವೈದ್ಯರು ವರದಿ ಮಾಡಿರುವ ಸಂಗತಿ ನಮ್ಮನ್ನು ಎಚ್ಚರಿಸಬೇಕು. ಎರಡು ಮೂರು ತಿಂಗಳ ಎಳೆಗೂಸುಗಳು ಇದ್ದಕ್ಕಿದ್ದಂತೆ ಹಾಲು ಬಿಟ್ಟು, ಏದುಸಿರು ಬಿಡುತ್ತ, ಹೃದಯ ಸೋತ ಸ್ಥಿತಿಯಲ್ಲಿ ಆಸ್ಪತ್ರೆಗೆ ಬಂದಿವೆ. ಥಯಮಿನ್ ಚುಚ್ಚುಮದ್ದು ಕೊಟ್ಟಾಗ ಒಂದೆರಡು ದಿನಗಳಲ್ಲಿಯೇ ಚೇತರಿಸಿಕೊಂಡಿವೆ. ವಿಚಾರಿಸಿದರೆ ತಾಯಂದಿರು ಬಾಣಂತಿ ಪಥ್ಯದಲ್ಲಿದ್ದವರು. ಬಿಳಿ ಅನ್ನ, ಮೆಣಸಿನ ಸಾರು. ಸೊಪ್ಪು ಬೇಡ, ಕಾಳು ಬೇಡ, ಬೇಳೆ ವಾಯು, ಹಣ್ಣು ಶೀತ. ತಾಯಿಯ ಊಟದಲ್ಲಿ ಥಯಮಿನ್ ಇಲ್ಲದಿದ್ದರೆ ಎದೆಹಾಲಿನಲ್ಲಿಯೂ ಅದು ಕಡಿಮೆಯಾಗುತ್ತದೆ. ಎದೆಹಾಲು ಬಿಟ್ಟರೆ ಬೇರೆ ಆಹಾರವಿಲ್ಲದ ಮಗುವಿಗೆ ಅದನ್ನು ಪಡೆಯಲು ಬೇರೆ ದಾರಿಯಿಲ್ಲ. ಒನಕೆಯ ಅಕ್ಕಿ ಇದ್ದ ಕಾಲದಲ್ಲಿ ಅದೇ ಪಥ್ಯ ಇಷ್ಟು ಅಪಾಯಕಾರಿ ಆಗಿರಲಾರದು. ಅಕ್ಕಿ ಬದಲಾಯಿತು, ಪಥ್ಯ ಬದಲಾಗಲಿಲ್ಲ.

ನೀವು ಮಾಡಬಹುದಾದದ್ದು

ನಿಮ್ಮ ಮನೆಯ ಅಡುಗೆಮನೆಯನ್ನು ಒಂದು ವಾರ ಪ್ರಯೋಗಶಾಲೆಯಂತೆ ನೋಡಿ, ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅಕ್ಕಿಯನ್ನು ಎಷ್ಟು ಸಲ ತೊಳೆಯುತ್ತಾರೆ? ಒಂದೆರಡು ಸಲ ಸಾಕು. ಉಜ್ಜಿ ಉಜ್ಜಿ ನಾಲ್ಕೈದು ಸಲ ತೊಳೆದರೆ ಉಳಿದ ಸತ್ವವೂ ಅಕ್ಕಚ್ಚಿನೊಡನೆ ಹೋಗುತ್ತದೆ. ತರಕಾರಿ, ಕಾಳು ಬೇಯಿಸಿದ ನೀರು ಎಲ್ಲಿಗೆ ಹೋಗುತ್ತದೆ? ಸಾರಿಗೆ ಹೋದರೆ ಸರಿ. ವಾರದಲ್ಲಿ ಎಷ್ಟು ದಿನ ರಾಗಿ, ಜೋಳ, ಕುಚ್ಚಲಕ್ಕಿ, ಹುರುಳಿ, ಹೆಸರುಕಾಳು, ಕಡಲೆಕಾಯಿ ತಟ್ಟೆಗೆ ಬರುತ್ತವೆ? ಅಂಗಡಿಯಲ್ಲಿ ಬಣ್ಣದ ಡಬ್ಬಿಯಲ್ಲಿ ಮಾರುವ ‘ಆರೋಗ್ಯ ಪುಡಿ’ಗಳ ಬೆಲೆಯನ್ನೂ ಒಂದು ಕಿಲೋ ಹುರುಳಿಯ ಬೆಲೆಯನ್ನೂ ಪಕ್ಕಪಕ್ಕದಲ್ಲಿ ಬರೆಯಿರಿ. ಹಾಸ್ಟೆಲಿನಲ್ಲಿರುವವರು ಊಟದ ಸಮಿತಿಯ ಮುಂದೆ ಈ ಲೆಕ್ಕವನ್ನು ಇಡಬಹುದು. ಮನೆಯಲ್ಲಿ ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇರುವವರಿದ್ದರೆ, ಅವರ ಊಟ ಬದಲಿಸುವ ಮುನ್ನ ವೈದ್ಯರನ್ನು ಕೇಳುವುದು ಅವಶ್ಯ.

ಇನ್ನೊಂದು ಕೆಲಸ ಇದಕ್ಕಿಂತ ಮುಖ್ಯವಾದದ್ದು. ನಿಮ್ಮ ಮನೆಗೋ ಪಕ್ಕದ ಮನೆಗೋ ಬಾಣಂತನಕ್ಕೆಂದು ಅಕ್ಕ, ಅತ್ತಿಗೆ ಬಂದಿದ್ದರೆ ಅವರ ತಟ್ಟೆಯ ಕಡೆ ನೋಡಿ. ಅಜ್ಜಿಯ ಜೊತೆ ಜಗಳ ಬೇಡ. ಬಾಣಂತಿಗೆ ಪ್ರೀತಿಯಿಂದ ಬಿಸಿನೀರು ಕಾಯಿಸಿ, ರಾತ್ರಿಯೆಲ್ಲ ಮಗುವನ್ನು ಎತ್ತಿಕೊಂಡು ಕೂರುವವರು ಅವರೇ. ಕಾರಣವನ್ನು ಸಮಾಧಾನವಾಗಿ ತಿಳಿಸಿ. ಆಶಾ ಕಾರ್ಯಕರ್ತೆಯವರಿಂದಲೋ ವೈದ್ಯರಿಂದಲೋ ಒಂದು ಮಾತು ಹೇಳಿಸಿದರೆ ಇನ್ನೂ ಒಳ್ಳೆಯದು. ಎಳೆಗೂಸು ಹಾಲು ಬಿಟ್ಟು ಏದುಸಿರು ಬಿಡುತ್ತಿದ್ದರೆ ದೃಷ್ಟಿ ತೆಗೆಯುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಒಂದು ಹಿಡಿ ಸೊಪ್ಪು, ಒಂದು ಬಟ್ಟಲು ತೊವ್ವೆ, ಸಾಧ್ಯವಾದರೆ ಪಾಲಿಶ್ ಮಾಡದ ಅಕ್ಕಿಯ ಅಥವಾ ಕುಚ್ಚಲಕ್ಕಿಯ ಅನ್ನ. ಇಷ್ಟಕ್ಕೆ ತಗಲುವ ಖರ್ಚು ಹೆಚ್ಚಿನದಲ್ಲ. ಎರಡು ಹಡಗು, ಒಂದು ಹಿಂಡು ಕೋಳಿ, ನೂರೊಂದು ಸೆರೆಮನೆಗಳು ಕಲಿಸಿದ ಪಾಠ ಆ ತಟ್ಟೆಯವರೆಗೆ ತಲುಪಬೇಕು. ತಲುಪಿಸುವವರು ನೀವಾಗಬಹುದು.